ಸೀಲ್ ಒಡೆಯಲೇ, ಬೇಡವೇ? ವಿಡಿಯೊ ಗೇಮ್ ಲೆಗೊ ಸಂಗ್ರಹಕಾರರೊಬ್ಬರಿಗೆ ಉತ್ತರ

ಪ್ರಶ್ನೆ: ವಿಡಿಯೊ ಗೇಮ್‌ಗಳನ್ನು ಆಧರಿಸಿದ ಲೆಗೊ ಸೆಟ್‌ಗಳ ಚಿಕ್ಕ ಸಂಗ್ರಹ ನನ್ನಲ್ಲಿದೆ. ನಿಂಟೆಂಡೊ ಎಂಟರ್‌ಟೇನ್‌ಮೆಂಟ್ ಸಿಸ್ಟಮ್ (ಸೆಟ್ ಸಂಖ್ಯೆ 71374) ಮತ್ತು ಜೆಲ್ಡಾ ಗೇಮ್‌ನ ಗ್ರೇಟ್ ಡೆಕು ಟ್ರೀ (77092) ಎರಡೂ ಸೀಲ್ ಒಡೆಯದೆ ಕಪಾಟಿನಲ್ಲಿವೆ. ಮಗಳು ಆಡಿ ಬಿಟ್ಟ ಮೈನ್‌ಕ್ರಾಫ್ಟ್ ಸೆಟ್‌ಗಳು ಒಂದೇ ಡಬ್ಬದಲ್ಲಿ ಕಲಸಿಹೋಗಿವೆ. ಸೀಲ್ ಒಡೆದರೆ ಬೆಲೆ ಹೋಯಿತು ಅನ್ನುತ್ತಾರೆ ಗೆಳೆಯರು. ಒಡೆಯಲೇ? ಮುಂದೆ ಯಾವ ಸೆಟ್ ಕೊಳ್ಳುವುದು ಒಳ್ಳೆಯದು? ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಕಲಿಯನ್ನು ಗುರುತಿಸುವುದು ಹೇಗೆ? ಮೈನ್‌ಕ್ರಾಫ್ಟ್ ರಾಶಿಯನ್ನು ಏನು ಮಾಡಲಿ?

ಉತ್ತರ: ಒಡೆಯಿರಿ. ಎರಡನ್ನೂ ಒಡೆಯಿರಿ, ಅದರಲ್ಲೂ 71374 ಅನ್ನು ಮೊದಲು.

ಗೆಳೆಯರ ಮಾತು ಸುಳ್ಳಲ್ಲ, ಬೆಲೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ವಿಡಿಯೊ ಗೇಮ್ ಸೆಟ್‌ಗಳಲ್ಲಿ ಬೇರೆ ಲೆಗೊ ಸೆಟ್‌ಗಳಲ್ಲಿ ಇಲ್ಲದ ಒಂದು ಸಂಗತಿ ಇದೆ. ಕಾರಿನ ಸೆಟ್ ಕಾರಿನ ಆಕಾರವನ್ನು ಕೊಟ್ಟರೆ ಸಾಕು, ಕಟ್ಟಡದ ಸೆಟ್ ಕಟ್ಟಡದ ರೂಪ ಕೊಟ್ಟರೆ ಸಾಕು. ಗೇಮ್‌ಗೆ ಆಕಾರವೊಂದೇ ಸಾಲದು. ಗೇಮ್ ಅಂದರೆ ಚಲನೆ, ಗುಂಡಿ ಒತ್ತಿದಾಗ ಪರದೆಯ ಮೇಲೆ ಏನೋ ಆಗುವುದು. ಅದನ್ನು ಅಲುಗಾಡದ ಪ್ಲಾಸ್ಟಿಕ್ ತುಂಡುಗಳಲ್ಲಿ ಹೇಗೆ ತರುವುದು? ವಿನ್ಯಾಸಕಾರರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಆ ಸೆಟ್‌ನ ಜೀವ, ಮತ್ತು ಅದು ಡಬ್ಬದ ಒಳಗಿದೆ. ಸೀಲ್ ಒಡೆಯದೆ ಇಟ್ಟಷ್ಟು ದಿನ ನಿಮ್ಮ ಬಳಿ ಇರುವುದು ರಟ್ಟಿನ ಮೇಲೆ ಅಚ್ಚಾದ ಒಂದು ಚಿತ್ರ ಮಾತ್ರ.

71374 ಅನ್ನೇ ನೋಡಿ. 2020ರ ಆಗಸ್ಟ್‌ನಲ್ಲಿ ಬಂದದ್ದು, 2,646 ತುಂಡು. ಕನ್ಸೋಲ್ ಒಂದು, ಅದರ ಕಂಟ್ರೋಲರ್ ಒಂದು, ಕಾರ್ಟ್ರಿಜ್ ಒಂದು, ಹಳೆಯ ಕಾಲದ ಟಿವಿ ಒಂದು. ಕಾರ್ಟ್ರಿಜ್ಜನ್ನು ಕನ್ಸೋಲ್‌ಗೆ ತೂರಿಸಿ ಕೆಳಗೆ ಒತ್ತಿದರೆ ಅದು ನಿಜವಾದ ಯಂತ್ರದಲ್ಲಿ ಕೂರುವಂತೆಯೇ ಕೂರುತ್ತದೆ. ಆದರೆ ಕನ್ಸೋಲ್ ಈ ಸೆಟ್‌ನ ಅರ್ಧ ಕಥೆ ಮಾತ್ರ, ಮಿಕ್ಕದ್ದು ಟಿವಿಯಲ್ಲಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗೆ ಸರಪಳಿಯಂಥ ಒಂದು ಪಟ್ಟಿ ಸುತ್ತುತ್ತದೆ. ಅದರ ಮೇಲೆ 1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಇಟ್ಟಿಗೆ, ಕೊಳವೆ, ಶತ್ರುಗಳೆಲ್ಲ ಪುಟ್ಟ ಟೈಲ್‌ಗಳಲ್ಲಿ ಜೋಡಣೆಯಾಗಿವೆ. ದೃಶ್ಯ ಬಲದಿಂದ ಎಡಕ್ಕೆ ಸರಿಯುತ್ತದೆ. ಮಾರಿಯೊ ಮಾತ್ರ ಇದ್ದಲ್ಲೇ ಇದ್ದು, ಅಡ್ಡಿ ಬಂದಾಗ ಮೇಲೇಳುತ್ತಾನೆ, ದಾಟಿದ ಮೇಲೆ ಇಳಿಯುತ್ತಾನೆ. ಅವನನ್ನು ಹಿಡಿದಿರುವ ಪಾರದರ್ಶಕ ತೋಳು ಪಟ್ಟಿಯ ಜೊತೆ ಬರುವ ಏರುತಗ್ಗುಗಳ ಮೇಲೆ ಹತ್ತಿ ಇಳಿಯುವುದರಿಂದ ಅವನ ನೆಗೆತವೂ ಆಗುತ್ತದೆ. ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ. ಪಕ್ಕಕ್ಕೆ ಸರಿಯುವ ಪರದೆ ಮತ್ತು ನೆಗೆತ, ಆ ಗೇಮ್‌ನ ಎರಡು ಪ್ರಾಣಗಳೂ, ಒಂದು ಕೈಹಿಡಿಯ ತಿರುವಿನಲ್ಲಿ ಸಿಕ್ಕಿಬಿಟ್ಟಿವೆ. ನೆಗೆತವನ್ನು ಹೀಗೆ ಯಂತ್ರದಲ್ಲಿ ಹಿಡಿದ ಇನ್ನೊಂದು ಸೆಟ್ ನಾನು ಕಂಡಿಲ್ಲ. ಆ ಟಿವಿಯ ಹಿಂಭಾಗವನ್ನು ಕಟ್ಟುವಾಗ, ಯಾವ ತುಂಡು ಯಾಕೆ ಅಲ್ಲಿ ಕೂರುತ್ತಿದೆ ಎಂದು ಹೊಳೆಯುವ ಗಳಿಗೆಯನ್ನು ನೀವು ಕಳೆದುಕೊಳ್ಳಬಾರದು.

ಇದೇ ಸೆಟ್‌ನಲ್ಲಿ ಇನ್ನೊಂದು ಪದರವೂ ಇದೆ, ಸಂಗ್ರಹಕಾರರು ಗಮನಿಸಬೇಕಾದದ್ದು. ಬೇರೆ ಸ್ಟಾರ್ಟರ್ ಸೆಟ್‌ನಲ್ಲಿ ಬರುವ ಎಲೆಕ್ಟ್ರಾನಿಕ್ ಮಾರಿಯೊ ಗೊಂಬೆಯನ್ನು ಈ ಟಿವಿಯ ಮೇಲೆ ನಿಲ್ಲಿಸಿದರೆ, ಪರದೆಯಲ್ಲಿ ನಡೆಯುವುದಕ್ಕೆ ತಕ್ಕಂತೆ ಅದು ಸದ್ದು ಮಾಡುತ್ತದೆ. ಆ ಗೊಂಬೆಗೆ ಕಣ್ಣು, ಬಾಯಿ, ಹೊಟ್ಟೆಯ ಜಾಗದಲ್ಲಿ ಚಿಕ್ಕ ಪರದೆಗಳಿವೆ. ಬಣ್ಣವನ್ನೂ ಬಾರ್‌ಕೋಡನ್ನೂ ಓದುವ ಸಂವೇದಕ ಕಾಲಡಿಯಲ್ಲಿದೆ, ಸ್ಪೀಕರ್ ಇದೆ, ಬ್ಲೂಟೂತ್ ಇದೆ, ಎರಡು ಎಎಎ ಬ್ಯಾಟರಿ ಬೇಕು. ಮಕ್ಕಳಿಗೆ ಅದು ಸೊಗಸಾದ ಆಟಿಕೆ, ನಾನು ಕಡೆಗಣಿಸುವವನಲ್ಲ. ಆದರೆ ಇಪ್ಪತ್ತು ವರ್ಷದ ಆಚೆಗೆ ಕಣ್ಣು ಹಾಯಿಸಿ. ಪರದೆ ಮಸುಕಾಗಬಹುದು, ಆ್ಯಪ್ ಹೊಸ ಫೋನ್‌ಗಳಲ್ಲಿ ತೆರೆಯದೆ ಹೋಗಬಹುದು. ಬ್ಯಾಟರಿಯನ್ನು ಒಳಗೇ ಮರೆತರೆ ಅದು ಸೋರಿ ತಗಡುಗಳನ್ನು ತಿನ್ನುತ್ತದೆ. ಟಿವಿಯ ಹಿಡಿ ಮಾತ್ರ ಆಗಲೂ ತಿರುಗುತ್ತಿರುತ್ತದೆ. ಗೊಂಬೆ ಇಲ್ಲದೆಯೂ ಸೆಟ್ ಪೂರ್ತಿ ಕೆಲಸ ಮಾಡುವಂತೆ ಮಾಡಿದ್ದು ವಿನ್ಯಾಸಕಾರರ ದೊಡ್ಡತನ.

ಇದು ಬರೀ ಊಹೆಯ ಭಯವಲ್ಲ. 2015ರಲ್ಲಿ ಲೆಗೊ ಡೈಮೆನ್ಶನ್ಸ್ ಎಂಬ ವಿಡಿಯೊ ಗೇಮ್ ಬಂತು. ಗೊಂಬೆಗಳ ಅಡಿಯ ಬಿಲ್ಲೆಯಲ್ಲಿ, ಹತ್ತಿರ ತಂದರೆ ಯಂತ್ರ ಓದಿಕೊಳ್ಳುವ ಎನ್‌ಎಫ್‌ಸಿ ಚಿಪ್, ಅವನ್ನು ಯುಎಸ್‌ಬಿ ಪೀಠದ ಮೇಲಿಟ್ಟರೆ ಆ ಪಾತ್ರ ಟಿವಿಯ ಗೇಮ್‌ನೊಳಗೆ ಪ್ರತ್ಯಕ್ಷ. ಸೋನಿಕ್, ಪೋರ್ಟಲ್ 2 ಸೇರಿದಂತೆ ಹಲವು ಲೋಕಗಳ ಪಾತ್ರಗಳು ಅದರಲ್ಲಿದ್ದವು. ಮೂರು ವರ್ಷ ನಡೆಸುವುದಾಗಿ ಶುರುವಾದದ್ದು 2017ರ ಅಕ್ಟೋಬರ್‌ಗೆ ನಿಂತಿತು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ವೀ ಯು ಕನ್ಸೋಲ್‌ಗಳಿಗಷ್ಟೇ ಬಂದಿದ್ದ ಗೇಮ್ ಅದು. ಆ ಯಂತ್ರಗಳು ಮನೆಯಿಂದ ಹೋದ ಮೇಲೆ ಚಿಪ್‌ಗಳಿಗೆ ಕೆಲಸವಿಲ್ಲ. ಆದರೆ ಅದೇ ಪ್ಯಾಕ್‌ಗಳಲ್ಲಿ ಬಂದ ಮಿನಿಫಿಗರ್‌ಗಳನ್ನು, ಅಂದರೆ ಲೆಗೊದ ಪುಟ್ಟ ಗೊಂಬೆಗಳನ್ನು, ಜನ ಈಗಲೂ ಹುಡುಕಿ ಕೊಳ್ಳುತ್ತಾರೆ. ಪ್ಲಾಸ್ಟಿಕ್ ಉಳಿಯಿತು, ಸಾಫ್ಟ್‌ವೇರ್ ಹೋಯಿತು. ಮುಂದೆ ಏನು ಕೊಳ್ಳಲಿ ಎಂಬ ನಿಮ್ಮ ಪ್ರಶ್ನೆಗೂ ನಾನು ಬಳಸುವ ಅಳತೆಗೋಲು ಇದೇ: ಬ್ಯಾಟರಿ ತೆಗೆದು, ಆ್ಯಪ್ ಮರೆತು, ಕೈಯಲ್ಲಿ ಹಿಡಿದಾಗ ಸೆಟ್‌ನಲ್ಲಿ ಗೇಮ್ ಎಷ್ಟು ಉಳಿಯುತ್ತದೆ?

ಈಗ ಬೆಲೆ. ಲೆಗೊ ಸೆಟ್‌ಗಳು ಹೂಡಿಕೆಗೆ ಚಿನ್ನಕ್ಕಿಂತ ಮೇಲು ಎನ್ನುವ ಮಾತು ಸುತ್ತುತ್ತಿರುತ್ತದೆ. ಅದರ ಬೇರು ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಮಾಡಿದ ಅಧ್ಯಯನದಲ್ಲಿದೆ. 1987ರಿಂದ 2015ರ ನಡುವಿನ ಸೀಲ್ ಒಡೆಯದ ಸೆಟ್‌ಗಳು ಸರಾಸರಿ ವರ್ಷಕ್ಕೆ ಸುಮಾರು 11% ಲಾಭ ಕೊಟ್ಟಿವೆ ಎಂದು ಅವರು ಲೆಕ್ಕ ಹಾಕಿದರು. ಆದರೆ ಅದೇ ಅಧ್ಯಯನದಲ್ಲಿ ಅರ್ಧದಷ್ಟು ಬೆಲೆ ಕಳೆದುಕೊಂಡ ಸೆಟ್‌ಗಳೂ ಇವೆ, ಹಲವು ಪಟ್ಟು ಏರಿದವೂ ಇವೆ. ಸರಾಸರಿ ನಿಮ್ಮ ಕಪಾಟಿನ ಎರಡು ಡಬ್ಬಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಇನ್ನೊಂದನ್ನು ಯಾರೂ ಗಮನಿಸುವುದಿಲ್ಲ: ಆ ಲೆಕ್ಕ ಮುಗಿದದ್ದೇ 2015ಕ್ಕೆ. ಮಾರಿಯೊ, ಅಟಾರಿ, ಪ್ಯಾಕ್‌ಮ್ಯಾನ್, ಜೆಲ್ಡಾ ಎಲ್ಲ ಬಂದದ್ದು ಅದರ ನಂತರ. ಹಿಂದಿನ ಕಾಲದ ಡಬ್ಬಗಳು ಅಪರೂಪವಾದದ್ದು ಆಗ ಯಾರೂ ಅವನ್ನು ಕೂಡಿಡಬೇಕೆಂದುಕೊಂಡಿರಲಿಲ್ಲ ಎಂಬ ಕಾರಣಕ್ಕೂ ಹೌದು. 71374 ಬಂದಾಗ ನಿಮ್ಮಂತೆಯೇ ಯೋಚಿಸಿ ಡಬ್ಬ ಎತ್ತಿಟ್ಟವರು ಬಹಳ. ಎಲ್ಲರೂ ಎತ್ತಿಟ್ಟದ್ದು ಅಪರೂಪವಾಗಲು ಹೆಚ್ಚು ಕಾಲ ಹಿಡಿಯುತ್ತದೆ.

ನಿಜವಾಗಿ ಅಪರೂಪವಾದವು ಅನಿರೀಕ್ಷಿತವಾಗಿ ಆಗುತ್ತವೆ. ಓವರ್‌ವಾಚ್ 2 ಗೇಮ್‌ನ ಟೈಟನ್ ಸೆಟ್ (76980) 2022ರ ಫೆಬ್ರವರಿಯಲ್ಲಿ ಬರಬೇಕಿತ್ತು. ಆ ಗೇಮ್‌ನ ಕಂಪನಿಯಾದ ಆ್ಯಕ್ಟಿವಿಷನ್ ಬ್ಲಿಜಾರ್ಡ್ ಜೊತೆಗಿನ ಸಂಬಂಧವನ್ನು ಪರಿಶೀಲಿಸುತ್ತಿದ್ದೇವೆ ಎಂದು ಲೆಗೊ ಅದನ್ನು ತಡೆಹಿಡಿಯಿತು. ಅಷ್ಟರಲ್ಲಿ ಅಂಗಡಿಯಿಂದ ಹೊರಬಿದ್ದಿದ್ದ ಕೆಲವೇ ಡಬ್ಬಗಳು ಸಂಗ್ರಹಕಾರರ ಕೈಸೇರಿದವು. ಇಂಥದ್ದನ್ನು ಮುಂಚೆಯೇ ಊಹಿಸಿ ಕೊಳ್ಳಲು ಯಾರಿಂದಲೂ ಆಗದು.

ಜೊತೆಗೆ, ಸೀಲ್ ಒಡೆಯದ ಡಬ್ಬದಲ್ಲಿ ಕಾಲ ನಿಂತಿರುತ್ತದೆ ಎನ್ನುವುದು ಭ್ರಮೆ. ರಟ್ಟು ತೇವ ಹೀರಿ ಉಬ್ಬುತ್ತದೆ. ಸ್ಟಿಕ್ಕರ್ ಹಾಳೆಯ ಅಂಟು ಒಣಗಿ ಅಂಚು ಸುರುಳಿಯಾಗುತ್ತದೆ. ಬೆಳಕಿನ ಬ್ರಿಕ್ ಇರುವ ಸೆಟ್‌ಗಳಲ್ಲಿ ಗುಂಡಿಯಂಥ ಚಿಕ್ಕ ಬ್ಯಾಟರಿಗಳು ಒಳಗೇ ಇರುತ್ತವೆ. ನೀವು ಮುಟ್ಟದಿದ್ದರೂ ಅವು ನಿಧಾನವಾಗಿ ಬರಿದಾಗುತ್ತವೆ. 2010ರ ಆಸುಪಾಸಿನ ಕಂದು ಮತ್ತು ಗಾಢ ಕೆಂಪು ತುಂಡುಗಳಂತೂ ಹಿಡಿದರೆ ಪಟ್ ಎಂದು ಸೀಳುತ್ತವೆ. ಇದು ಸಂಗ್ರಹಕಾರರೆಲ್ಲ ಬಲ್ಲ ಮಾತು. ನಿಮ್ಮ ಎರಡು ಸೆಟ್‌ಗಳು ಅದಕ್ಕಿಂತ ಈಚಿನವು, ಗಾಬರಿ ಬೇಡ. ಆದರೆ ಹಳೆಯ ಮೈನ್‌ಕ್ರಾಫ್ಟ್ ರಾಶಿಯಲ್ಲಿ ಮಣ್ಣು, ಮರ ಎಲ್ಲ ಕಂದೇ ಆದ್ದರಿಂದ, ಆ ತುಂಡುಗಳನ್ನು ಬೇರ್ಪಡಿಸುವಾಗ ಹಲ್ಲು, ಚಾಕು ಬಳಸಬೇಡಿ. ತುಂಡು ಬಿಡಿಸಲೆಂದೇ ಮಾಡಿದ ಪುಟ್ಟ ಸಾಧನ, ಬ್ರಿಕ್ ಸೆಪರೇಟರ್, ಇದ್ದೇ ಇದೆ.

ಒಡೆಯುವಾಗ ಡಬ್ಬವನ್ನು ಹರಿಯಬೇಡಿ. ಸೀಲ್ ಅಂಟನ್ನು ತೆಳ್ಳಗಿನ ಬ್ಲೇಡಿನಿಂದ ಕತ್ತರಿಸಿ, ಡಬ್ಬವನ್ನು ಮಡಿಸಿ ಚಪ್ಪಟೆ ಮಾಡಿ, ಪುಸ್ತಿಕೆಯ ಜೊತೆ ತೇವವಿಲ್ಲದ ಕಡೆ ಇಡಿ. ಕಟ್ಟಿ ಮುಗಿದ ಮೇಲೆ ಉಳಿಯುವ ಹೆಚ್ಚುವರಿ ತುಂಡುಗಳನ್ನು ಸೆಟ್ ಸಂಖ್ಯೆ ಬರೆದ ಪುಟ್ಟ ಚೀಲದಲ್ಲಿ ಹಾಕಿ. ಡಬ್ಬ, ಪುಸ್ತಿಕೆ, ಎಲ್ಲ ತುಂಡು ಮತ್ತು ಮಿನಿಫಿಗರ್‌ಗಳು ಇರುವ ಸ್ವಚ್ಛ ಸೆಟ್‌ಗೆ ಸೀಲಿನದಷ್ಟು ಅಲ್ಲದಿದ್ದರೂ ಮರ್ಯಾದೆಯ ಬೆಲೆ ಯಾವತ್ತೂ ಇದೆ.

ಡೆಕು ಟ್ರೀಗೆ ಬೇರೆಯೇ ಲೆಕ್ಕ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಇದು ಲೆಗೊದ ಮೊದಲ ಜೆಲ್ಡಾ ಸೆಟ್. 2,500 ತುಂಡುಗಳಲ್ಲಿ ಎರಡು ಮರಗಳು ಅಡಗಿವೆ: 1998ರ ಆಕರಿನಾ ಆಫ್ ಟೈಮ್ ಗೇಮ್‌ನ ಮರ ಒಂದು, 2017ರ ಬ್ರೆತ್ ಆಫ್ ದಿ ವೈಲ್ಡ್‌ನ ಮರ ಇನ್ನೊಂದು. ಎರಡನ್ನೂ ಏಕಕಾಲಕ್ಕೆ ಕಟ್ಟಲಾಗದು. ಆದ್ದರಿಂದ ಈ ಸೆಟ್ಟಿಗೆ ಮತ್ತೆ ಮತ್ತೆ ಬಿಚ್ಚಿಸಿಕೊಳ್ಳುವುದೇ ಸ್ವಭಾವ. ಮೊದಲು ಹಳೆಯ ಮರವನ್ನು ಕಟ್ಟಿ, ಅದು ಕಣ್ಣಿಗೆ ಹಳತಾದ ಮೇಲೆ ಬಿಚ್ಚಿ ಇನ್ನೊಂದನ್ನು ಕಟ್ಟಿ. ಬಿಚ್ಚುವಾಗ ಎಲೆ, ಕೊಂಬೆ, ಕಾಂಡದ ತುಂಡುಗಳನ್ನು ಬೇರೆ ಬೇರೆ ಜಿಪ್ ಚೀಲಗಳಿಗೆ ಹಾಕಿದರೆ ಮುಂದಿನ ಸಲ ಹುಡುಕಾಟ ಉಳಿಯುತ್ತದೆ. ಸೀಲ್ ಕಾಯ್ದಿರಿಸುವ ಸಂಗ್ರಹಕಾರ ಇಲ್ಲಿ ಒಂದಲ್ಲ, ಎರಡು ಸೆಟ್ ಕಳೆದುಕೊಳ್ಳುತ್ತಾನೆ.

ಮುಂದೇನು ಕೊಳ್ಳುವುದು? ಮೇಲೆ ಹೇಳಿದ ಅಳತೆಗೋಲಿಗೆ ಹತ್ತಿರ ಬರುವುದು ಪ್ಯಾಕ್‌ಮ್ಯಾನ್ ಆರ್ಕೇಡ್ (10323). 2023ರದು, 2,651 ತುಂಡು. ಹಿಡಿ ತಿರುಗಿಸಿದರೆ ಪ್ಯಾಕ್‌ಮ್ಯಾನ್ ಮತ್ತು ಭೂತಗಳು ಜಾಡಿನಲ್ಲಿ ಓಡುತ್ತವೆ. ನಾಣ್ಯ ಹಾಕುವ ಕಿಂಡಿಗೆ ಬೆಳಕಿದೆ. ಬೆಳಕು ಒಂದು ದಿನ ಆರುತ್ತದೆ, ಓಟ ನಿಲ್ಲುವುದಿಲ್ಲ. ಅಟಾರಿ 2600 (10306), 2,532 ತುಂಡು, ಅಟಾರಿಯ ಐವತ್ತನೇ ವರ್ಷಕ್ಕೆ 2022ರಲ್ಲಿ ಬಂತು. ಆಸ್ಟರಾಯ್ಡ್ಸ್, ಅಡ್ವೆಂಚರ್, ಸೆಂಟಿಪೀಡ್ ಗೇಮ್‌ಗಳ ಕಾರ್ಟ್ರಿಜ್‌ಗಳಿವೆ. ಕನ್ಸೋಲ್‌ನ ಮುಂಭಾಗ ಜಾರಿಸಿದರೆ ಎಂಬತ್ತರ ದಶಕದ ಒಂದು ಕೋಣೆ ಒಳಗಿಂದ ಮೇಲೇಳುತ್ತದೆ. ಆ ಕೋಣೆ ನನಗೆ ಬಲು ಇಷ್ಟ. ಆದರೂ ಅದು ಗೇಮ್ ಆಡುತ್ತಿದ್ದ ಕಾಲದ ನೆನಪು, ಗೇಮ್ ಅಲ್ಲ. ಎರಡರಲ್ಲಿ ಒಂದೇ ಎಂದರೆ ನಾನು ಪ್ಯಾಕ್‌ಮ್ಯಾನ್ ಕಡೆ.

ಸೂಪರ್ ಮಾರಿಯೊ 64 ಪ್ರಶ್ನಾರ್ಥಕ ಬ್ಲಾಕ್ (71395) ಮಡಿಸಿದಾಗ ಒಂದು ಹಳದಿ ಘನ, ತೆರೆದಾಗ ಕೋಟೆಯಿಂದ ಹಿಡಿದು ಹಿಮದ ಬೆಟ್ಟದವರೆಗೆ ನಾಲ್ಕು ಲೋಕಗಳು. ಹೊಡೆದರೆ ಒಳಗಿಂದ ಏನೋ ಹೊರಬೀಳುವ ಪೆಟ್ಟಿಗೆ ಎಂಬ ಗೇಮ್‌ನ ಕಲ್ಪನೆಯನ್ನೇ ಮಡಿಕೆಗಳಲ್ಲಿ ತಂದಿದ್ದಾರೆ. ಜಾಗ ಕಡಿಮೆ ಇರುವವರಿಗೆ ನನ್ನ ಮೊದಲ ಸಲಹೆ ಇದು. ಸೋನಿಕ್‌ನ ಗ್ರೀನ್ ಹಿಲ್ ಜೋನ್ (21331) ಅಗಲಕ್ಕೆ ಹರಡಿಕೊಂಡು ಆಳವಿಲ್ಲದೆ ನಿಂತಿದೆ, ಪಕ್ಕದಿಂದಷ್ಟೇ ನೋಡುವ ಗೇಮ್‌ಗೆ ಅದೇ ಸರಿಯಾದ ರೂಪ. ಹೊರೈಜನ್‌ನ ಟಾಲ್‌ನೆಕ್ (76989), ಆಡಲು ಏನೂ ಇಲ್ಲದ ಶುದ್ಧ ಶಿಲ್ಪ. ಆದರೂ 1,222 ತುಂಡುಗಳಲ್ಲಿ ಆ ನಡೆದಾಡುವ ಯಂತ್ರದ ಭಾರ, ಎತ್ತರ, ಕತ್ತಿನ ಬಾಗು ಎಷ್ಟು ನಿಖರವಾಗಿ ಬಂದಿದೆಯೆಂದರೆ ನನ್ನ ಅಳತೆಗೋಲನ್ನು ಅದಕ್ಕೆ ಹಿಡಿಯಲು ಮನಸ್ಸಾಗುವುದಿಲ್ಲ. 2025ರ ಗೇಮ್ ಬಾಯ್ (72046) ಬರೀ 421 ತುಂಡು, ಒಂದು ಸಂಜೆಯ ಕೆಲಸ. ಓರೆ ಮಾಡಿದಂತೆ ಚಿತ್ರ ಬದಲಾಗುವ ಪರದೆ ಹಾಳೆಗಳು ಅದರ ಜಾಣ್ಮೆ.

ಲೆಗೊ ಹೊರತಾದ ಕಂಪನಿಗಳನ್ನು ನಕಲಿ ಎಂದು ತಳ್ಳಬೇಡಿ. ಮ್ಯಾಟೆಲ್ ಒಡೆತನದ ಮೆಗಾ ಪರವಾನಗಿ ಪಡೆದೇ ಹೇಲೊ ಮತ್ತು ಪೊಕೆಮಾನ್ ಸೆಟ್‌ಗಳನ್ನು ವರ್ಷಗಳಿಂದ ಮಾಡಿದೆ. ನಕಲಿ ಅಂದರೆ ಬೇರೆಯವರ ವಿನ್ಯಾಸ, ಪುಸ್ತಿಕೆ, ಡಬ್ಬದ ಚಿತ್ರವನ್ನೇ ಕದ್ದದ್ದು. ಲೆಪಿನ್ ಹೆಸರಿನ ಇಂಥ ದೊಡ್ಡ ಜಾಲದ ಮೇಲೆ ಚೀನಾದ ಪೊಲೀಸರು 2019ರಲ್ಲಿ ದಾಳಿ ಮಾಡಿದರು, 2020ರಲ್ಲಿ ಶಾಂಘೈ ನ್ಯಾಯಾಲಯ ಮುಖ್ಯ ಆರೋಪಿಗೆ 6 ವರ್ಷ ಜೈಲು ವಿಧಿಸಿತು. ಆ ಹೆಸರು ಅಳಿದರೂ ಅಂಥ ತುಂಡುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬೆರೆತಿವೆ. ಗುರುತಿಸಲು ಮೊದಲ ದಾರಿ ಬ್ರಿಕ್ ಮೇಲಿನ ದುಂಡು ಉಬ್ಬುಗಳು. ಅಸಲಿಯಲ್ಲಿ ಪ್ರತಿ ಉಬ್ಬಿನ ಮೇಲೂ ಲೆಗೊ ಎಂಬ ಹೆಸರು ಚೂಪಾಗಿ ಮೂಡಿರುತ್ತದೆ. ಬೆಳಕಿಗೆ ಓರೆ ಹಿಡಿದು ಹತ್ತಾರು ತುಂಡು ನೋಡಿ, ಒಂದೆರಡು ಸಾಲದು. ಪೂರ್ತಿ ನಕಲಿ ಸೆಟ್ ಸುಲಭವಾಗಿ ಸಿಕ್ಕಿಬೀಳುತ್ತದೆ. ನಿಜವಾದ ಅಪಾಯ ಅಸಲಿ ಸೆಟ್‌ಗೆ ನಕಲಿ ಮಿನಿಫಿಗರ್ ಸೇರಿಸಿ ಮಾರುವುದರಲ್ಲಿದೆ, ಏಕೆಂದರೆ ಬೆಲೆಯ ದೊಡ್ಡ ಪಾಲು ಆ ಗೊಂಬೆಗಳಲ್ಲೇ ಇರುತ್ತದೆ. ಡೆಕು ಟ್ರೀಯ ಲಿಂಕ್, ಟಾಲ್‌ನೆಕ್ ಜೊತೆಯ ಅಲಾಯ್ ಇಂಥವರನ್ನು ಕೈಗೆತ್ತಿಕೊಂಡು ಮುದ್ರಣದ ಅಂಚು ಹರಿತವಿದೆಯೇ, ತೋಳಿನ ಕೀಲು ಬಿಗಿಯಿದೆಯೇ ನೋಡಿ. ಮಾರುವವರು ಹತ್ತಿರದ ಫೋಟೊ ಕೊಡಲು ಹಿಂಜರಿದರೆ ಅಲ್ಲಿಗೆ ಮುಗಿಸಿಬಿಡಿ.

ಕಟ್ಟಿದ್ದನ್ನು ಬಿಸಿಲು ಬೀಳದ ಕಡೆ ಇಡಿ. ನಿಮ್ಮ 71374ರ ಬೂದು ಬಣ್ಣ ಅತಿನೇರಳೆ ಕಿರಣಕ್ಕೆ ಹಳದಿಯಾಗುವ ಬಣ್ಣಗಳ ಪೈಕಿ. ದೂಳಿಗೆ ಮೃದುವಾದ ಮೇಕಪ್ ಕುಂಚ ಸಾಕು.

ಇನ್ನು ಮೈನ್‌ಕ್ರಾಫ್ಟ್ ಡಬ್ಬ. ಮಕ್ಕಳ ರಾಶಿ ಎಂದು ಅದನ್ನು ಕೀಳಾಗಿ ಕಾಣಬೇಡಿ. ಲೆಗೊ ಮತ್ತು ಈ ಗೇಮ್ ಕೂಡಿದ್ದೇ ಅಭಿಮಾನಿಗಳ ಒತ್ತಾಯದಿಂದ. ಅಭಿಮಾನಿಗಳ ಮತಕ್ಕೆ ಬಿಟ್ಟಿದ್ದ ಪ್ರಸ್ತಾವಕ್ಕೆ ಬೇಕಿದ್ದ 10,000 ಬೆಂಬಲ ಎರಡೇ ದಿನದಲ್ಲಿ ಸಿಕ್ಕಿ, 2012ರಲ್ಲಿ ಮೈಕ್ರೊ ವರ್ಲ್ಡ್ (21102) ಬಂತು. ಮಿನಿಫಿಗರ್ ಅಳತೆಯ ಸೆಟ್‌ಗಳು ಶುರುವಾದದ್ದು 2014ರಲ್ಲಿ. ಘನಗಳ ಗೇಮ್‌ಗೆ ಬ್ರಿಕ್‌ಗಳು ತಾವಾಗಿಯೇ ಹೊಂದುತ್ತವೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹೊಂದುವುದಿಲ್ಲ. ಲೆಗೊದಲ್ಲಿ ಉಬ್ಬಿನಿಂದ ಉಬ್ಬಿಗೆ 8 ಮಿಲಿಮೀಟರ್, ಬ್ರಿಕ್‌ನ ಎತ್ತರ 9.6. ಒಂದುಬ್ಬಿನ ಬ್ರಿಕ್ ಘನವಲ್ಲ, ತುಸು ಎತ್ತರ. ಸರಿಯಾದ ಘನ ಬೇಕೆಂದರೆ ಎರಡುಬ್ಬು ಅಗಲ, ಎರಡುಬ್ಬು ಉದ್ದದ ತಳದ ಮೇಲೆ 3.2 ಮಿಲಿಮೀಟರ್ ದಪ್ಪದ ತೆಳು ತುಂಡು, ಅಂದರೆ ಪ್ಲೇಟ್, ಐದು ಪೇರಿಸಬೇಕು. ಆಗ ಎಲ್ಲ ಕಡೆಯೂ 16. ಮಗಳು ಸ್ವಂತವಾಗಿ ಏನಾದರೂ ಕಟ್ಟಲು ಹೊರಟರೆ ಈ ಐದರ ಲೆಕ್ಕ ಹೇಳಿಕೊಡಿ, ಅವಳ ಮನೆ, ಗುಹೆಗಳು ತಟ್ಟನೆ ಗೇಮ್‌ನವೇ ಅನ್ನಿಸತೊಡಗುತ್ತವೆ.

ವಿಂಗಡಿಸುವಾಗ ಮೊದಲು ಚೌಕದ ತಲೆಗಳನ್ನೂ ಮುದ್ರಣವಿರುವ ಟೈಲ್‌ಗಳನ್ನೂ ಆರಿಸಿ ತೆಗೆಯಿರಿ. ಯಾವ ಸೆಟ್ ಎಂದು ಹೇಳುವವು ಅವೇ, ಕಳೆದುಹೋಗುವವೂ ಅವೇ. ಮಿಕ್ಕದ್ದನ್ನು ಬಣ್ಣದ ಮೇಲಲ್ಲ, ಆಕಾರದ ಮೇಲೆ ಬೇರ್ಪಡಿಸಿ. ಕಂದು ರಾಶಿಯಲ್ಲಿ ಒಂದು ಚಿಕ್ಕ ಕಂದು ತುಂಡನ್ನು ಹುಡುಕುವುದಕ್ಕಿಂತ, ಚಿಕ್ಕ ತುಂಡುಗಳ ನಡುವೆ ಕಂದನ್ನು ಹುಡುಕುವುದು ಬೇಗ. ಕೊಳಕಾಗಿದ್ದರೆ ಸ್ಟಿಕ್ಕರ್ ಇಲ್ಲದ ತುಂಡುಗಳನ್ನು 40 ಡಿಗ್ರಿ ಮೀರದ ನೀರಿನಲ್ಲಿ, ಮೃದು ಸೋಪಿನಲ್ಲಿ ಕೈಯಲ್ಲೇ ತೊಳೆದು ನೆರಳಿನಲ್ಲಿ ಒಣಗಿಸಿ. ಸೆಟ್ ಸಂಖ್ಯೆ ಗೊತ್ತಾದ ಮೇಲೆ ಪುಸ್ತಿಕೆ ಲೆಗೊ ತಾಣದಲ್ಲೇ ಉಚಿತವಾಗಿ ಸಿಗುತ್ತದೆ, ಪ್ರತಿ ಸೆಟ್‌ನ ತುಂಡುಗಳ ಪೂರ್ತಿ ಪಟ್ಟಿ ಬ್ರಿಕ್‌ಲಿಂಕ್ ಎಂಬ ಲೆಗೊ ಮಾರಾಟ ತಾಣದಲ್ಲಿದೆ. ಕಾಣೆಯಾದವನ್ನು ಅಲ್ಲಿಯೇ ಬಿಡಿಬಿಡಿಯಾಗಿ ಕೊಳ್ಳಬಹುದು. ಆದರೆ ಪೂರ್ತಿ ರಾಶಿ ವಿಂಗಡಿಸಿ ಮುಗಿಯುವವರೆಗೆ ಒಂದೂ ತುಂಡು ತರಿಸಬೇಡಿ, ಕಾಣೆಯಾಗಿದೆ ಅಂದುಕೊಂಡದ್ದರಲ್ಲಿ ಬಹುಪಾಲು ಡಬ್ಬದ ತಳದಲ್ಲೇ ಸಿಗುತ್ತದೆ.